ಹತ್ತು ನಿಮಿಷದ ಟೀ: ನಷ್ಟವೋ ಲಾಭವೋ?

ಈ ಸಲದ 'ಕಲಿಯೋಣ ಬನ್ನಿ' ಅಂಕಣ ನಮ್ಮ ಪಾಲಿಗೆ ಬಂದಿದೆ. ನಾವು ಅಂದ್ರೆ ಮೆಕ್ಯಾನಿಕಲ್ ಎರಡನೇ ವರ್ಷದ ಮಷಿನ್ ಶಾಪ್ ಬ್ಯಾಚ್, ಒಟ್ಟು ಇಪ್ಪತ್ತು ಜನ. ಬರೆಯುತ್ತಿರುವ ಕೈ ಒಂದೇ ಆದರೂ ಓದಿದ್ದು, ಲೆಕ್ಕ ಹಾಕಿದ್ದು, ಜಗಳ ಆಡಿದ್ದು ಎಲ್ಲಾ ಒಟ್ಟಿಗೆ. ವಿಷಯ: ಟೀ ಬ್ರೇಕ್. ನಗಬೇಡಿ. ಇದು ಶುರುವಾಗಿದ್ದು ನಗೋ ಅಂಥ ವಿಷಯದಿಂದ ಅಲ್ಲ.

ಆ ಮಧ್ಯಾಹ್ನ ನಡೆದಿದ್ದು

ನಮ್ಮ ಲ್ಯಾಬ್ ಮಧ್ಯಾಹ್ನ 1.45ರಿಂದ 4.45ರವರೆಗೆ. ಮೂರು ಗಂಟೆ ನಿಂತೇ ಇರಬೇಕು. ಊಟ ಆದಮೇಲಿನ ಹೊತ್ತು, ತಲೆ ಮೇಲೆ ಶೀಟಿನ ಛಾವಣಿ, ಎಂಟು ಲೇತ್‌ಗಳ ಸದ್ದು. ಫೇಸಿಂಗ್, ಪ್ಲೇನ್ ಟರ್ನಿಂಗ್, ಸ್ಟೆಪ್ ಟರ್ನಿಂಗ್ ಮುಗಿಸಿ ಅವತ್ತು ಟೇಪರ್‌ಗೆ ಬಂದಿದ್ದೆವು. ನಾಲ್ಕು ಗಂಟೆ ದಾಟಿತ್ತು. ನಮ್ಮಲ್ಲೊಬ್ಬ ಜಾಬನ್ನು ತಿರುಗಿಸಿ ಚಕ್‌ಗೆ ಹಾಕಿದ, ಚಕ್ ಕೀಯಿಂದ ಬಿಗಿ ಮಾಡಿದ, ಕೀಯನ್ನು ಅಲ್ಲೇ ಬಿಟ್ಟು ಲೇತ್ ಸ್ಟಾರ್ಟ್ ಮಾಡೋಕೆ ಕೈ ಹಾಕಿದ. ಹಿಂದಿನಿಂದ ಇನ್‌ಸ್ಟ್ರಕ್ಟರ್ ಸರ್ "ಏಯ್, ಕೀ!" ಅಂತ ಕೂಗಿದ್ದು ಎಲ್ಲಾ ಮಷಿನ್‌ಗಳ ಸದ್ದಿಗಿಂತ ಜೋರಾಗಿ ಕೇಳಿಸಿತು. ಅವನ ಕೈ ಅಲ್ಲೇ ನಿಂತಿತು. ಏನೂ ಆಗಲಿಲ್ಲ.

ಏನಾಗಬಹುದಿತ್ತು ಅಂತ ಆಮೇಲೆ ಲೆಕ್ಕ ಹಾಕಿದೆವು. ಸ್ಪಿಂಡಲ್ 400 ಆರ್‌ಪಿಎಂನಲ್ಲಿ ತಿರುಗುತ್ತಿದೆ, ಚಕ್‌ನ ಮಧ್ಯದಿಂದ ಕೀಯ ತುದಿಗೆ 20 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಆಗ ಕೀಯ ತುದಿಯ ವೇಗ ಸೆಕೆಂಡಿಗೆ ಸುಮಾರು 8.4 ಮೀಟರ್, ಅಂದ್ರೆ ಗಂಟೆಗೆ 30 ಕಿಲೋಮೀಟರ್. ಊರೊಳಗೆ ಸ್ಕೂಟರ್ ಓಡೋ ವೇಗದಲ್ಲಿ ಒಂದು ಸ್ಟೀಲಿನ ತುಂಡು ಮುಖದ ಕಡೆ ಹಾರಿ ಬರುತ್ತೆ.

ಕೀ ತೆಗೆಯದೆ ಅದರಿಂದ ಕೈ ಬಿಡಬಾರದು ಅನ್ನೋದು ಮೊದಲನೇ ದಿನದ ಪಾಠ. ಅವನಿಗೆ ಗೊತ್ತಿರಲಿಲ್ಲ ಅಂತಲ್ಲ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತಾನೆ. ಗೊತ್ತಿದ್ದೂ ಮರೆತ.

ಸಂಜೆ ಗೇಟಿನ ಎದುರಿನ ಗೂಡಂಗಡಿಯಲ್ಲಿ ಬೈಟೂ ಟೀ ಹಿಡಿದು ಎಲ್ಲರೂ ಸುಮ್ಮನೆ ನಿಂತಿದ್ದೆವು. ಒಬ್ಬಳು ಅಂದಳು, "ಈ ಟೀ ಒಂದೂವರೆ ಗಂಟೆ ಮುಂಚೆ ಸಿಕ್ಕಿದ್ದಿದ್ರೆ ಅವನು ಕೀ ಮರೀತಿರ್ಲಿಲ್ಲ." ಇನ್ನೊಬ್ಬ ತಕ್ಷಣ, "ಹತ್ತು ನಿಮಿಷ ಟೀಗೆ ಹೋದ್ರೆ ಜಾಬ್ ಯಾರು ಮುಗಿಸ್ತಾರೆ, ನಿಮ್ಮ ತಾತನಾ?" ಅಂದ. ಇಬ್ಬರ ಮಾತೂ ಸರಿ ಅನಿಸಿತು. ಇಂಜಿನಿಯರಿಂಗ್ ಓದ್ತಿದ್ದೀವಲ್ಲ, ಜಗಳ ಯಾಕೆ, ಲೆಕ್ಕ ಹಾಕಿ ನೋಡೋಣ ಅಂತ ಕೂತೆವು.

ಮೊದಲ ಲೆಕ್ಕ

ಲ್ಯಾಬ್ ಅವಧಿ 180 ನಿಮಿಷ. ಹತ್ತು ನಿಮಿಷ ಟೀಗೆ ಹೋದರೆ ಉಳಿಯೋದು 170. ಹೋದ ಸಮಯ ನೂರಕ್ಕೆ 5.6. ಆದರೆ ಮೊದಲಿನಷ್ಟೇ ಕೆಲಸ ಮುಗಿಯಬೇಕಾದ್ರೆ ಉಳಿದ ಸಮಯದಲ್ಲಿ ವೇಗ ಎಷ್ಟು ಹೆಚ್ಚಬೇಕು? 180ನ್ನು 170ರಿಂದ ಭಾಗಿಸಿದರೆ 1.059. ಅಂದ್ರೆ ನೂರಕ್ಕೆ 5.9. ಎಂಟು ಗಂಟೆಯ ಕೆಲಸದ ದಿನದಲ್ಲಿ ಹತ್ತು ಹತ್ತು ನಿಮಿಷದ ಎರಡು ಟೀ ಅಂತಿಟ್ಟುಕೊಂಡರೆ 480 ಭಾಗಿಸು 460, ಅಂದ್ರೆ ನೂರಕ್ಕೆ 4.3.

ಹಾಗಾದ್ರೆ ಪ್ರಶ್ನೆ ಇಷ್ಟೇ ಆಯ್ತು. ಬಿಡುವು ಕೊಟ್ಟರೆ ಮನುಷ್ಯನ ವೇಗ ನೂರಕ್ಕೆ ಐದಾರರಷ್ಟು ಹೆಚ್ಚುತ್ತಾ? ಹೆಚ್ಚಿದರೆ ಲಾಭ, ಇಲ್ಲಾಂದ್ರೆ ನಷ್ಟ.

ಈ ಲೆಕ್ಕದಲ್ಲಿ ಒಂದು ತೂತಿದೆ, ಅದನ್ನು ಮೊದಲೇ ಹೇಳಿಬಿಡ್ತೀವಿ. ಇದು ಎಷ್ಟು ಕೆಲಸ ಆಯ್ತು ಅಂತ ಮಾತ್ರ ಎಣಿಸುತ್ತೆ, ಎಷ್ಟು ಕೆಟ್ಟಿತು ಅಂತ ಎಣಿಸಲ್ಲ. ಕೊನೆಯ ಅರ್ಧ ಗಂಟೆಯಲ್ಲಿ ಡೈಮೆನ್ಷನ್ ತಪ್ಪಿ ಒಂದು ಜಾಬ್ ಹಾಳಾಗಿ, ಹೊಸ ರಾಡ್ ಕತ್ತರಿಸಿ ಫೇಸಿಂಗ್‌ನಿಂದ ಮತ್ತೆ ಶುರು ಮಾಡಿದ ದುಃಖ ಅನುಭವಿಸಿದವರಿಗೇ ಗೊತ್ತು. ಹಾಗೆ ಕೆಟ್ಟ ಒಂದು ಜಾಬ್ ಎಷ್ಟು ಟೀ ಬ್ರೇಕ್‌ಗಳನ್ನು ನುಂಗುತ್ತೆ ಅಂತ ನೀವೇ ನೋಡಿ. ಈ ತೂತಿಗೆ ಮತ್ತೆ ಬರೋಣ.

ಟೇಲರ್ ಮತ್ತು ಅವರ ವಾಚ್

ಬಿಡುವನ್ನು ಲೆಕ್ಕದ ವಿಷಯ ಮಾಡಿದವರಲ್ಲಿ ದೊಡ್ಡ ಹೆಸರು ಅಮೆರಿಕದ ಇಂಜಿನಿಯರ್ ಫ್ರೆಡರಿಕ್ ವಿನ್‌ಸ್ಲೊ ಟೇಲರ್. ಮ್ಯಾನೇಜ್‌ಮೆಂಟ್ ಪೇಪರ್‌ನಲ್ಲಿ 'ಸೈಂಟಿಫಿಕ್ ಮ್ಯಾನೇಜ್‌ಮೆಂಟ್' ಅಂತ ನಾಲ್ಕು ಪಾಯಿಂಟ್ ಬಾಯಿಪಾಠ ಮಾಡಿ ಬರೀತೀವಲ್ಲ, ಅದೇ ಟೇಲರ್. 1899ರ ಸುಮಾರಿಗೆ ಅವರು ಬೆತ್ಲೆಹೆಮ್ ಸ್ಟೀಲ್ ಕಂಪನಿಯಲ್ಲಿದ್ದರು. ಅಲ್ಲಿ ಕೆಲಸಗಾರರು 92 ಪೌಂಡ್, ಅಂದ್ರೆ ಸುಮಾರು 42 ಕೆ.ಜಿ. ತೂಕದ ಕಬ್ಬಿಣದ ಗಟ್ಟಿಗಳನ್ನು ಹೊತ್ತು ರೈಲು ಬೋಗಿಗೆ ತುಂಬುತ್ತಿದ್ದರು. ಒಬ್ಬ ದಿನಕ್ಕೆ ಸುಮಾರು 12.5 ಟನ್ ತುಂಬುತ್ತಿದ್ದ.

1911ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಟೇಲರ್ ಹೇಳುವ ಪ್ರಕಾರ, ಅಷ್ಟು ಭಾರ ಹೊರುವ ಮನುಷ್ಯನ ಕೈಯಲ್ಲಿ ದಿನದ ನೂರಕ್ಕೆ 43 ಭಾಗ ಮಾತ್ರ ಭಾರ ಇರಬೇಕು, ಉಳಿದ 57 ಭಾಗ ಖಾಲಿ ಕೈ. ಹೀಗೆ ವಾಚ್ ಹಿಡಿದು ಎತ್ತು ಅಂದಾಗ ಎತ್ತಿಸಿ, ಕೂರು ಅಂದಾಗ ಕೂರಿಸಿ ಒಬ್ಬನಿಂದ ದಿನಕ್ಕೆ 47.5 ಟನ್ ತುಂಬಿಸಿದೆವು ಅಂತ ಅವರು ಬರೆದರು. ಕೂಲಿ 1.15 ಡಾಲರ್‌ನಿಂದ 1.85 ಡಾಲರ್‌ಗೆ ಏರಿತು.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಕೆಲಸ 3.8 ಪಟ್ಟು ಆಯ್ತು, ಕೂಲಿ 1.6 ಪಟ್ಟು ಮಾತ್ರ. ಎರಡು, ಯಾವಾಗ ಕೂರಬೇಕು ಅಂತ ನಿರ್ಧರಿಸಿದ್ದು ಸುಸ್ತಾದವನಲ್ಲ, ವಾಚ್ ಹಿಡಿದವನು. ಈ ಕಥೆಯ ಹಲವು ವಿವರಗಳನ್ನು ನಂತರದ ಸಂಶೋಧಕರು ದಾಖಲೆ ತೆಗೆದು ಪ್ರಶ್ನಿಸಿದ್ದಾರೆ, ಹಾಗಾಗಿ ಅಂಕಿಗಳನ್ನು ದೇವರ ವಾಕ್ಯ ಅಂತ ತಗೋಬೇಡಿ. ಆದರೆ ಬಿಡುವು ಅನ್ನೋದು ಕೆಲಸದ ವಿರೋಧಿ ಅಲ್ಲ, ಕೆಲಸದ ಒಂದು ಭಾಗ ಅಂತ ಒಬ್ಬ ಕಟ್ಟುನಿಟ್ಟಿನ ಇಂಜಿನಿಯರ್ ಒಪ್ಪಿಕೊಂಡಿದ್ದು ನಮಗೆ ಇಲ್ಲಿ ಬೇಕಾದ ಮಾತು.

ಹಾಥಾರ್ನ್‌ನ ಆರು ಜನ

ಎರಡನೇ ಕಥೆಯೂ ಸಿಲಬಸ್‌ನಲ್ಲಿದೆ, ಆದರೆ ನೋಟ್ಸ್‌ನಲ್ಲಿ ಎರಡೇ ಸಾಲು. ಶಿಕಾಗೋ ಹತ್ತಿರ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ. 1927ರಲ್ಲಿ ಟೆಲಿಫೋನ್ ರಿಲೇ ಜೋಡಿಸುವ ಐದು ಜನ ಯುವತಿಯರನ್ನು ಮತ್ತು ಅವರಿಗೆ ಬಿಡಿಭಾಗ ಒದಗಿಸುವ ಇನ್ನೊಬ್ಬಳನ್ನು ದೊಡ್ಡ ಹಾಲ್‌ನಿಂದ ತೆಗೆದು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿದರು. ಜೋಡಿಸಿದ ಪ್ರತಿ ರಿಲೇಯನ್ನು ಒಂದು ಕಿಂಡಿಯೊಳಗೆ ಹಾಕಿದಾಗ ಟೇಪ್ ಮೇಲೆ ತೂತು ಬೀಳುತ್ತಿತ್ತು. ಎಣಿಕೆ ಪಕ್ಕಾ. 1932ರವರೆಗೂ ಈ ಪ್ರಯೋಗ ನಡೆಯಿತು.

ಹಂತ ಹಂತವಾಗಿ ಬಿಡುವು ಬದಲಿಸುತ್ತಾ ಹೋದರು:

ಮೊದಲು ದಿನಕ್ಕೆ ಐದು ನಿಮಿಷದ ಎರಡು ಬಿಡುವು. ಉತ್ಪಾದನೆ ಏರಿತು.

ಆಮೇಲೆ ಹತ್ತು ನಿಮಿಷದ ಎರಡು ಬಿಡುವು. ಮತ್ತೆ ಏರಿತು.

ಆಮೇಲೆ ಐದು ನಿಮಿಷದ ಆರು ಬಿಡುವು. ಈಗ ಸ್ವಲ್ಪ ಇಳಿಯಿತು. ಪದೇ ಪದೇ ಎದ್ದರೆ ಕೆಲಸದ ಲಯ ತಪ್ಪುತ್ತೆ ಅಂತ ಕೆಲಸಗಾರರೇ ದೂರಿದರು.

ಆಮೇಲೆ ಬೆಳಿಗ್ಗೆ ತಿಂಡಿ ಜೊತೆ 15 ನಿಮಿಷ, ಮಧ್ಯಾಹ್ನ 10 ನಿಮಿಷ. ಮತ್ತೆ ಏರಿತು.

ಇಲ್ಲಿಯವರೆಗೆ ಓದಿ ನಮ್ಮ ಟೀ ಪಾರ್ಟಿಯವರು ಗೆದ್ದೆವು ಅಂತ ಕುಣಿದರು. ಆದರೆ ಕಥೆ ಮುಗಿದಿರಲಿಲ್ಲ. 12ನೇ ಹಂತದಲ್ಲಿ ಎಲ್ಲಾ ಬಿಡುವನ್ನೂ ವಾಪಸ್ ತೆಗೆದರು. ತಿಂಡಿ ಇಲ್ಲ, ಬ್ರೇಕ್ ಇಲ್ಲ, ಹಳೇ ಪೂರ್ತಿ ದಿನ. ಉತ್ಪಾದನೆ ಬೀಳಬೇಕಲ್ವಾ? ಗಂಟೆ ಲೆಕ್ಕದಲ್ಲಿ ಸ್ವಲ್ಪ ಇಳಿಯಿತು, ಆದರೆ ವಾರದ ಒಟ್ಟು ಉತ್ಪಾದನೆ ಮೇಲೇ ಇತ್ತು! 13ನೇ ಹಂತದಲ್ಲಿ ಬಿಡುವು ವಾಪಸ್ ಬಂತು. ತಿಂಡಿ ಮನೆಯಿಂದ ತರಬೇಕು, ಕುಡಿಯೋಕೆ ಮಾತ್ರ ಕಂಪನಿ ಕೊಡುತ್ತೆ ಅಂತಾಯ್ತು. ಉತ್ಪಾದನೆ ಇನ್ನೂ ಏರಿತು.

ಇದನ್ನೇ ಎಲ್ಟನ್ ಮೇಯೊ ಮತ್ತಿತರರು, ಮನುಷ್ಯರನ್ನು ಗಮನಿಸಿದರೆ, ಅವರ ಮಾತು ಕೇಳಿದರೆ ಕೆಲಸ ಹೆಚ್ಚುತ್ತೆ ಅಂತ ವಿವರಿಸಿದರು. ನೋಟ್ಸ್‌ನ ಎರಡು ಸಾಲು ಅಲ್ಲಿಗೆ ನಿಲ್ಲುತ್ತೆ. ಆದರೆ ನೋಟ್ಸ್‌ನಲ್ಲಿ ಇಲ್ಲದ್ದು ಇನ್ನೂ ಇದೆ. ಬಿಡುವು ಶುರುವಾಗೋ ಮುಂಚೆಯೇ ಅವರ ಕೂಲಿ ಪದ್ಧತಿ ಬದಲಾಗಿತ್ತು. ಮೊದಲು ಸುಮಾರು ನೂರು ಜನರ ಗುಂಪಿನ ಉತ್ಪಾದನೆ ಮೇಲೆ ಕೂಲಿ, ಈಗ ಈ ಸಣ್ಣ ಗುಂಪಿನದ್ದರ ಮೇಲೆ. ನಾವು ಹೆಚ್ಚು ಮಾಡಿದರೆ ನಮಗೇ ದುಡ್ಡು. ಇನ್ನೊಂದು, 1928ರ ಜನವರಿಯಲ್ಲಿ ಆ ಐವರಲ್ಲಿ ಇಬ್ಬರನ್ನು ತೆಗೆದು ಬೇರೆ ಇಬ್ಬರನ್ನು ಕೂರಿಸಿದರು. ತೆಗೆದವರ ಮೇಲಿದ್ದ ದೂರು: ತುಂಬಾ ಮಾತಾಡ್ತಾರೆ. ಮಾತು ಕೇಳೋದರಿಂದ ಕೆಲಸ ಹೆಚ್ಚುತ್ತೆ ಅಂತ ಹೆಸರಾದ ಪ್ರಯೋಗದಲ್ಲೇ ಇಬ್ಬರು ಮಾತಾಡಿದ್ದಕ್ಕೆ ಜಾಗ ಕಳಕೊಂಡರು.

ಪಾಠ ಏನು? ಬಿಡುವು, ಕೂಲಿ, ಕೋಣೆ, ಮೇಲ್ವಿಚಾರಣೆ, ಜನ, ಇಷ್ಟೂ ಬದಲಾದಾಗ ಉತ್ಪಾದನೆ ಯಾವುದರಿಂದ ಏರಿತು ಅಂತ ಹೇಳೋದು ಕಷ್ಟ. ಫಿಸಿಕ್ಸ್ ಲ್ಯಾಬ್‌ನಲ್ಲಿ ಒಂದು ಸಲಕ್ಕೆ ಒಂದೇ ವೇರಿಯಬಲ್ ಬದಲಿಸಿ ಅಂತ ಬೈಸಿಕೊಂಡಿದ್ದು ಇದಕ್ಕೇ.

ಈಚಿನದ್ದೂ ಒಂದು ಹೇಳ್ತೀವಿ. ಹತ್ತು ನಿಮಿಷ ಅಥವಾ ಅದಕ್ಕಿಂತ ಕಡಿಮೆ ಬಿಡುವಿನ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ರೊಮೇನಿಯಾದ ಸಂಶೋಧಕರು ಒಂದು ವಿಶ್ಲೇಷಣೆ ಪ್ರಕಟಿಸಿದರು. ಸಣ್ಣ ಬಿಡುವಿನಿಂದ ಸುಸ್ತು ಕಡಿಮೆಯಾಗುತ್ತೆ, ಉತ್ಸಾಹ ಹೆಚ್ಚುತ್ತೆ ಅನ್ನೋದು ಕಂಡುಬಂತು. ಕೆಲಸದ ಫಲಿತಾಂಶ ಒಟ್ಟಾರೆ ಹೆಚ್ಚುತ್ತೆ ಅಂತ ಹೇಳುವಷ್ಟು ಪುರಾವೆ ಸಿಗಲಿಲ್ಲ. ಅಂದ್ರೆ ನಮ್ಮ 5.9ರ ಲೆಕ್ಕಕ್ಕೆ ಇಲ್ಲೂ ಪಕ್ಕಾ ಉತ್ತರ ಇಲ್ಲ. ಜಾಬ್ ಪಾರ್ಟಿಯವರು ಈಗ ಕುಣಿದರು.

ಟೀಯೊಳಗೆ ಏನಿದೆ?

ಬಿಡುವನ್ನು ಪಕ್ಕಕ್ಕಿಟ್ಟು ಬರೀ ಟೀ ನೋಡೋಣ. ಎಚ್ಚರವಾಗಿರುವಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಅನ್ನೋ ವಸ್ತು ಸೇರುತ್ತಾ ಹೋಗುತ್ತೆ. ಅದು ತನ್ನ ರಿಸೆಪ್ಟರ್‌ಗಳಲ್ಲಿ ಹೋಗಿ ಕೂತಾಗ ನಮಗೆ ತೂಕಡಿಕೆ. ಟೀಯಲ್ಲಿರುವ ಕೆಫೀನ್‌ನ ಆಕಾರ ಅಡಿನೋಸಿನ್‌ಗೆ ಸಾಕಷ್ಟು ಹೋಲುತ್ತೆ, ಹಾಗಾಗಿ ಅದು ಮೊದಲೇ ಹೋಗಿ ಆ ಸೀಟಲ್ಲಿ ಕೂರುತ್ತೆ. ಬಸ್ಸಿನ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡೀತೀವಲ್ಲ, ಹಾಗೆ. ಅಡಿನೋಸಿನ್ ಎಲ್ಲೂ ಹೋಗಿರಲ್ಲ, ನಿಂತುಕೊಂಡೇ ಪ್ರಯಾಣ ಮಾಡ್ತಿರುತ್ತೆ. ಕೆಫೀನ್ ಇಳಿದ ತಕ್ಷಣ ಬಂದು ಕೂರುತ್ತೆ. ಅಂದ್ರೆ ಟೀ ಸುಸ್ತನ್ನು ತೆಗೆಯಲ್ಲ, ಸುಸ್ತಿನ ಸುದ್ದಿಯನ್ನು ತಡೆಹಿಡಿಯುತ್ತೆ.

ಒಂದು ದೊಡ್ಡ ಕಪ್ ಟೀಯಲ್ಲಿ ಸುಮಾರು 30ರಿಂದ 50 ಮಿಲಿಗ್ರಾಂ ಕೆಫೀನ್ ಇರುತ್ತೆ. ನಮ್ಮ ಬೈಟೂ ಲೋಟದಲ್ಲಿ ಅದಕ್ಕಿಂತ ಕಡಿಮೆ. ಕುಡಿದ ಮೇಲೆ ಅದು ರಕ್ತದಲ್ಲಿ ಗರಿಷ್ಠ ಮಟ್ಟ ತಲುಪೋಕೆ ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆ ಬೇಕು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಮೊದಲ ಗುಟುಕಿಗೇ "ಆಹಾ, ಈಗ ಜೀವ ಬಂತು" ಅಂತೀವಲ್ಲ, ಆಗ ಕೆಫೀನ್ ಇನ್ನೂ ಹೊಟ್ಟೆಯಲ್ಲೇ ಇದೆ. ಹಾಗಾದ್ರೆ ಜೀವ ತಂದಿದ್ದು ಏನು? ಮಷಿನ್ ಸದ್ದಿನಿಂದ ಆಚೆ ಬಂದಿದ್ದು, ಕೂತಿದ್ದು, ಬಿಸಿ ಲೋಟ, ಸಕ್ಕರೆಯ ರುಚಿ, ಪಕ್ಕದವನ ಜೋಕು. ಮೊದಲ ಹತ್ತು ನಿಮಿಷದ ಕೆಲಸ ಮಾಡೋದು ಬ್ರೇಕ್, ಟೀ ಅಲ್ಲ. ಟೀ ಕುಡಿಯದವರಿಗೂ ಬ್ರೇಕ್ ಬೇಕು ಅನ್ನೋದಕ್ಕೆ ಇದೇ ಉತ್ತರ.

ಕೆಫೀನ್‌ನ ಅರ್ಧಾಯುಷ್ಯ ಸುಮಾರು ಐದು ಗಂಟೆ, ಒಬ್ಬೊಬ್ಬರಿಗೆ ಒಂದೊಂದು ಥರ. 3.15ಕ್ಕೆ ಕುಡಿದರೆ ಅದರ ಪ್ರಭಾವ ಹೆಚ್ಚಿರೋದು 3.45ರಿಂದ 4.15ರ ಹೊತ್ತಿಗೆ. ನಮ್ಮ ಗೆಳೆಯ ಕೀ ಮರೆತ ಹೊತ್ತು ಅದೇ. ಅದೇ ಟೀ ಸಂಜೆ ಐದಕ್ಕೆ ಗೇಟಿನ ಹತ್ತಿರ ಕುಡಿದರೆ ಲ್ಯಾಬ್‌ಗೆ ಯಾವ ಉಪಯೋಗವೂ ಇಲ್ಲ.

ಕಾರ್ಖಾನೆಗೆ ಟೀ ಬಂದ ದಾರಿ

ಟೀ ಬ್ರೇಕ್ ನಮ್ಮಲ್ಲಿ ಅನಾದಿ ಕಾಲದಿಂದ ಇದೆ ಅಂದುಕೊಂಡಿದ್ದೆವು. ಇಲ್ಲ. ಟೀ ತೋಟಗಳಲ್ಲಿ ಬೆಳೆದಿದ್ದು ಬಹುಪಾಲು ಹೊರದೇಶಕ್ಕೆ ಹೋಗ್ತಿತ್ತು. 1903ರಲ್ಲಿ ಬ್ರಿಟಿಷ್ ಸರ್ಕಾರ ಟೀ ಸೆಸ್ ಕಾನೂನು ತಂದು, ರಫ್ತಿನ ಮೇಲೆ ಸುಂಕ ಹಾಕಿ, ಆ ದುಡ್ಡನ್ನು ಟೀ ಪ್ರಚಾರಕ್ಕೆ ಬಳಸೋ ವ್ಯವಸ್ಥೆ ಮಾಡಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆ, ಕಲ್ಲಿದ್ದಲ ಗಣಿ, ಹತ್ತಿ ಗಿರಣಿಗಳಲ್ಲಿ ಟೀ ಅಂಗಡಿಗಳನ್ನು ಇಡಿಸಿ, ಕೆಲಸಗಾರರಿಗೆ ಟೀ ಕುಡಿಯೋಕೆ ಹೊತ್ತು ಕೊಡಿ ಅಂತ ಮಾಲೀಕರನ್ನು ಒಪ್ಪಿಸಿದರು. ಅಂದ್ರೆ ಇದು ಯಾರೋ ಕರುಣೆಯಿಂದ ಕೊಟ್ಟಿದ್ದಲ್ಲ, ಟೀ ಮಾರಾಟ ಆಗಬೇಕಿತ್ತು. ಮಾರೋರು ಅವರ ಲಾಭಕ್ಕೆ ಬಾಗಿಲು ತೆರೆದರು, ಕೆಲಸಗಾರ ಆ ಬಾಗಿಲಲ್ಲಿ ಹತ್ತು ನಿಮಿಷ ಕೂತುಕೊಂಡ.

ಸ್ವಾತಂತ್ರ್ಯದ ನಂತರ ಬಂದ 1948ರ ಕಾರ್ಖಾನೆ ಕಾಯ್ದೆಯ 55ನೇ ಸೆಕ್ಷನ್, ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡದೆ ಒಬ್ಬರಿಂದ ಐದು ಗಂಟೆಗಿಂತ ಹೆಚ್ಚು ಸತತವಾಗಿ ಕೆಲಸ ಮಾಡಿಸಬಾರದು ಅಂತ ಹೇಳಿತು. 46ನೇ ಸೆಕ್ಷನ್ 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಕ್ಯಾಂಟೀನ್ ಇರುವಂತೆ ಸರ್ಕಾರ ನಿಯಮ ಮಾಡಬಹುದು ಅಂದಿತು. ಆ 55ನೇ ಸೆಕ್ಷನ್‌ನಲ್ಲಿ ಟೀ ಅನ್ನೋ ಮಾತಿಲ್ಲ. ಊಟದ ಅರ್ಧ ಗಂಟೆ ಕಾನೂನು, ಟೀಯ ಹತ್ತು ನಿಮಿಷ ರೂಢಿ. ರೂಢಿಯನ್ನು ಕೇಳಿ ಪಡೀಬೇಕು, ಇಲ್ಲಾಂದ್ರೆ ಸುಮ್ಮನೆ ಮಾಯ ಆಗುತ್ತೆ.

ಕೇಳೋಣ ಅಂತ ಎಚ್‌ಒಡಿ ಮೇಡಂಗೆ ಒಂದು ಪತ್ರ ಬರೆದೆವು. ಮೂರು ಗಂಟೆ ಲ್ಯಾಬ್ ಮಧ್ಯೆ 3.15ರಿಂದ 3.25ರವರೆಗೆ ಬಿಡುವು ಬೇಕು, ಅದಕ್ಕೆ ಬದಲು 1.35ಕ್ಕೇ ಬಂದು ಶುರು ಮಾಡ್ತೀವಿ ಅಂತ. ಪತ್ರ ಮೊದಲು ಇನ್‌ಸ್ಟ್ರಕ್ಟರ್ ಸರ್‌ಗೆ ತೋರಿಸಿದೆವು. ಅವರು ಕನ್ನಡಕ ಏರಿಸಿ ಓದಿ, "ಒಳ್ಳೇದೇ ಬರ್ದಿದ್ದೀರಪ್ಪ. ಹೋಗ್ ಬನ್ನಿ. ನಾನ್ ಇಲ್ಲೇ ಇರ್ತೀನಿ, ಮಷಿನ್ ಹತ್ರ ಯಾರಾದ್ರೂ ಇರ್ಬೇಕಲ್ಲ" ಅಂದರು. ನಾವು ಥ್ಯಾಂಕ್ಯೂ ಸರ್ ಅಂದು ಬಂದುಬಿಟ್ಟೆವು. ಆ ಮಾತು ಏನು ಅಂತ ನಮಗೆ ಅರ್ಥ ಆಗಿದ್ದು ಎರಡು ದಿನ ಕಳೆದ ಮೇಲೆ, ಮುಂದಿನ ಭಾಗ ಓದುವಾಗ.

ಮ್ಯಾಕ್‌ವರ್ತ್ ಗಡಿಯಾರ

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಿಮಾನಗಳಲ್ಲಿ ರೇಡಾರ್ ನೋಡುತ್ತಾ ಕೂತವರು ಗಂಟೆಗಟ್ಟಲೆ ಪರದೆ ನೋಡಬೇಕಿತ್ತು. ಜಲಾಂತರ್ಗಾಮಿಯ ಗುರುತು ಯಾವಾಗಲೋ ಒಮ್ಮೆ ಕಾಣುತ್ತೆ. ಹೊತ್ತು ಹೋದಂತೆ ಅವರು ಗುರುತುಗಳನ್ನು ತಪ್ಪಿಸಿಕೊಳ್ಳುತ್ತಿದ್ದರು. ಕಾರಣ ಹುಡುಕೋ ಕೆಲಸ ನಾರ್ಮನ್ ಮ್ಯಾಕ್‌ವರ್ತ್ ಅನ್ನೋ ಮನಶ್ಶಾಸ್ತ್ರಜ್ಞರಿಗೆ ಬಂತು. ಅವರು ಅಂಕಿಗಳೇ ಇಲ್ಲದ ಒಂದು ಗಡಿಯಾರ ಮಾಡಿದರು. ಮುಳ್ಳು ಸೆಕೆಂಡಿಗೊಮ್ಮೆ ಒಂದು ಹೆಜ್ಜೆ ಹಾಕುತ್ತೆ, ನೂರು ಹೆಜ್ಜೆಗೆ ಒಂದು ಸುತ್ತು. ಅಪರೂಪಕ್ಕೊಮ್ಮೆ ಮಾತ್ರ ಒಟ್ಟಿಗೆ ಎರಡು ಹೆಜ್ಜೆ ಹಾರುತ್ತೆ. ಆಗ ಬಟನ್ ಒತ್ತಬೇಕು. ಎರಡು ಗಂಟೆ ಇದೇ ಕೆಲಸ.

1948ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇದು: ಮೊದಲ ಅರ್ಧ ಗಂಟೆ ದಾಟಿದ ಮೇಲೆ ಜನ ಆ ಹಾರಿಕೆಯನ್ನು ತಪ್ಪಿಸಿಕೊಳ್ಳೋದು ಎದ್ದು ಕಾಣುವಷ್ಟು ಹೆಚ್ಚಾಯಿತು. ಭಾರ ಎತ್ತಿಲ್ಲ, ಬೆವರು ಹರಿದಿಲ್ಲ, ಬರೀ ನೋಡಿದ್ದು. ಅರ್ಧ ಗಂಟೆ ನೋಡಿ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದವರಲ್ಲಿ ಈ ಕುಸಿತ ಕಾಣಲಿಲ್ಲ.

ಇದನ್ನು ಓದಿ ನಾವು ಮೊದಲು ಲೇತ್ ಮುಂದೆ ನಿಂತ ನಮ್ಮ ಬಗ್ಗೆ ಯೋಚಿಸಿದೆವು. ಆದರೆ ಟೂಲ್ ಬದಲಿಸೋದು, ವರ್ನಿಯರ್‌ನಲ್ಲಿ ಅಳೆಯೋದು, ಪಕ್ಕದವರ ಜಾಬ್ ನೋಡಿ ನಗೋದು, ನಮಗೆ ಏನೋ ಒಂದು ಬದಲಾವಣೆ ಇರುತ್ತೆ. ಮೂರು ಗಂಟೆ ಪೂರ್ತಿ ಮ್ಯಾಕ್‌ವರ್ತ್ ಗಡಿಯಾರ ನೋಡುತ್ತಾ ನಿಲ್ಲೋರು ಯಾರು? ಇನ್‌ಸ್ಟ್ರಕ್ಟರ್ ಸರ್. ಎಂಟು ಮಷಿನ್, ಇಪ್ಪತ್ತು ಜನ, ನಲವತ್ತು ಕೈ. ಬಹುಪಾಲು ಹೊತ್ತು ಏನೂ ತಪ್ಪಾಗಲ್ಲ. ಯಾವಾಗಲೋ ಒಮ್ಮೆ ಒಂದು ಕೈ ಕೀ ಬಿಟ್ಟು ಸ್ಟಾರ್ಟ್ ಕಡೆ ಹೋಗುತ್ತೆ. ಅದನ್ನು ಅವರು ತಪ್ಪಿಸಿಕೊಳ್ಳಬಾರದು. ಅವತ್ತು ತಪ್ಪಿಸಿಕೊಳ್ಳಲಿಲ್ಲ.

ಇನ್ನೂ ಒಂದಿದೆ. ನಮಗೆ ಈ ಲ್ಯಾಬ್ ವಾರಕ್ಕೆ ಒಂದು ಮಧ್ಯಾಹ್ನ. ಅವರಿಗೆ ಬೆಳಿಗ್ಗೆ ಒಂದು ಬ್ಯಾಚ್, ಮಧ್ಯಾಹ್ನ ಒಂದು ಬ್ಯಾಚ್, ದಿನಕ್ಕೆ ಆರು ಗಂಟೆ ಹೀಗೇ ನಿಂತಿರೋದು. ಟೀ ಯಾವಾಗ ಕುಡೀತೀರಾ ಸರ್ ಅಂತ ಹೋಗಿ ಕೇಳಿದೆವು. "ಬೆಳಿಗ್ಗೆ ಮನೇಲಿ, ಸಂಜೆ ಮನೇಲಿ" ಅಂದರು. ನಮ್ಮ ಪತ್ರದಲ್ಲಿ 'ವಿದ್ಯಾರ್ಥಿಗಳಿಗೆ ಬಿಡುವು' ಅಂತ ಬರೆದಿದ್ದೆವು. ಯಾರಿಗೆ ಬಿಡುವು ಹೆಚ್ಚು ಬೇಕಿತ್ತೋ ಅವರನ್ನೇ ಕಾವಲು ಕೂರಿಸಿ ನಾವು ಟೀಗೆ ಹೊರಟಿದ್ದೆವು. ಮೊದಲ ಲೆಕ್ಕದಲ್ಲಿ ಎರಡನೇ ತೂತು ಇದು. ನಾವು ಎಣಿಸಿದ್ದು ನಮ್ಮ 180 ನಿಮಿಷ ಮಾತ್ರ.

ತಿದ್ದಿದ ಪತ್ರ

ಹಳೇ ಪತ್ರ ಹರಿದು ಹೊಸದು ಬರೆದೆವು. ಅದರಲ್ಲಿದ್ದ ಅಂಶಗಳು ಇವು:

1. 3.15ಕ್ಕೆ ಎಲ್ಲಾ ಮಷಿನ್ ನಿಲ್ಲಬೇಕು, ಮೇನ್ ಸ್ವಿಚ್ ಆಫ್.

2. ಎಂಟು ಚಕ್ ಕೀಗಳೂ ಬೋರ್ಡ್ ಮೇಲೆ ನೇತು ಹಾಕಿರಬೇಕು. ಒಬ್ಬರು ಎಣಿಸಬೇಕು.

3. ಬಾಗಿಲಿಗೆ ಬೀಗ. ಸರ್ ಸೇರಿ ಎಲ್ಲರೂ ಆಚೆ. ಯಾರೂ ಕಾವಲು ಇರೋದು ಬೇಡ.

4. ಗೇಟಿನವರೆಗೆ ಹೋದರೆ ಹತ್ತು ನಿಮಿಷ ಇಪ್ಪತ್ತಾಗುತ್ತೆ. ಹಾಗಾಗಿ ಇಬ್ಬರು ಸರದಿಯಂತೆ ಊಟದ ಹೊತ್ತಲ್ಲೇ ಕ್ಯಾಂಟೀನ್‌ನಲ್ಲಿ ಹೇಳಿಟ್ಟು, ಲ್ಯಾಬ್‌ಗೆ ಬರುವಾಗ ಫ್ಲಾಸ್ಕ್ ತರಬೇಕು. ದುಡ್ಡು ಎಲ್ಲರೂ ಹಾಕೋದು.

5. 3.25ಕ್ಕೆ ವಾಪಸ್. ತಡ ಮಾಡಿದವರು ಮುಂದಿನ ವಾರ ಲೋಟ ತೊಳೀಬೇಕು.

ಐದನೇ ಅಂಶ ಓದಿ ಮೇಡಂ ನಕ್ಕರು. ನಾಲ್ಕು ವಾರ ಮಾಡಿ ನೋಡಿ ಅಂತ ಸಹಿ ಹಾಕಿದರು. ಬೆಳಗಿನ ಬ್ಯಾಚ್‌ಗೂ ಅದೇ ನಿಯಮ ಆಗಲಿ ಅಂತ ಅವರೇ ಸೇರಿಸಿದರು.

ಈಗ ಎರಡು ವಾರ ಆಗಿದೆ. ಶೆಡ್ಡಿನ ಪಕ್ಕದ ಕಟ್ಟೆ ಮೇಲೆ ಕೂರ್ತೀವಿ. ಮೊದಲ ವಾರ ಸರ್ ನಿಂತೇ ಇದ್ದರು, ಬೀಗದ ಕೈ ಕೈಯಲ್ಲೇ ಇತ್ತು. ಎರಡನೇ ವಾರ ಕೂತರು. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಾರ್ಖಾನೆಯಲ್ಲಿದ್ದಾಗ ಪಕ್ಕದ ಮಷಿನ್‌ನವರ ಬೆರಳು ಹೋಗಿದ್ದನ್ನು ಹೇಳಿದರು. ಸಂಜೆ ಶಿಫ್ಟ್ ಮುಗಿಯೋ ಹೊತ್ತಂತೆ. "ಅದಕ್ಕೇ ನಾಲ್ಕು ಗಂಟೆ ಮೇಲೆ ನಾನು ನಿಮ್ ಕೈನೇ ನೋಡ್ತಿರ್ತೀನಿ, ಮುಖ ನೋಡಲ್ಲ" ಅಂದರು. ಇಡೀ ಸೆಮಿಸ್ಟರ್‌ನಲ್ಲಿ ಇದನ್ನು ಕೇಳಿಸಿಕೊಳ್ಳೋ ಹೊತ್ತು ನಮಗೆ ಸಿಕ್ಕಿರಲಿಲ್ಲ.

ಹಾಗಾದ್ರೆ ಟೀ ಬ್ರೇಕ್‌ನಿಂದ ಲಾಭ ಆಯ್ತಾ? ಜಾಬ್‌ಗಳು ಟೈಮಿಗೆ ಮುಗೀತಿವೆ. ಯಾರೂ ಕೀ ಮರೆತಿಲ್ಲ. ಆದರೆ ಹಾಥಾರ್ನ್ ಓದಿದ ಮೇಲೆ ಇದು ಟೀಯಿಂದಲೇ ಅಂತ ಹೇಳೋಕೆ ನಮಗೆ ಬಾಯಿ ಬರ್ತಿಲ್ಲ. ಕೀ ಎಣಿಸೋ ನಿಯಮವೂ ಹೊಸದು. ನಮ್ಮ ಪತ್ರಕ್ಕೆ ಬೆಲೆ ಸಿಕ್ಕ ಖುಷಿಯೂ ಇದೆ. ಮೇಡಂ ನೋಡ್ತಿದ್ದಾರೆ ಅನ್ನೋ ಭಯವೂ ಇದೆ. ವೇರಿಯಬಲ್ ನಾಲ್ಕು, ವಾರ ಎರಡು. ಇಷ್ಟರಲ್ಲಿ ಗ್ರಾಫ್ ಹಾಕಿದರೆ ನಾವೇ ಮಾರ್ಕ್ಸ್ ಕಟ್ ಮಾಡಬೇಕು.

ನಮಗೆ ಖಚಿತವಾಗಿರೋದು ಇಷ್ಟು. ಬಿಡುವನ್ನು ಬರೀ ವೇಗದ ಲೆಕ್ಕದಲ್ಲಿ ಅಳೆದರೆ ಅರ್ಧ ಮಾತ್ರ ಕಾಣುತ್ತೆ, ಎಚ್ಚರವನ್ನೂ ಅಳೆಯಬೇಕು. ಬಿಡುವು ಅಂದ್ರೆ ಮಷಿನ್ ನಿಜವಾಗಿ ನಿಲ್ಲಬೇಕು, ಒಂದು ಕೈಯಲ್ಲಿ ಲೋಟ ಇನ್ನೊಂದರಲ್ಲಿ ಲಿವರ್ ಅಲ್ಲ. ಮತ್ತೆ ಬಿಡುವಿನ ಲೆಕ್ಕ ಹಾಕುವಾಗ, ನಾವು ಟೀ ಕುಡಿಯೋ ಹೊತ್ತಲ್ಲಿ ಯಾರು ನಿಂತಿದ್ದಾರೆ ಅಂತ ಒಮ್ಮೆ ಹಿಂದೆ ತಿರುಗಿ ನೋಡಬೇಕು.

ಅಭ್ಯಾಸಕ್ಕೆ

1. ನಿಮ್ಮ ಲ್ಯಾಬ್ ಎರಡು ಗಂಟೆಯದ್ದಾದರೆ, ಹತ್ತು ನಿಮಿಷದ ಬಿಡುವನ್ನು ಸರಿದೂಗಿಸೋಕೆ ವೇಗ ನೂರಕ್ಕೆ ಎಷ್ಟು ಹೆಚ್ಚಬೇಕು? (ಉತ್ತರ: 9.1. ಹೇಗೆ ಅಂತ ನೀವೇ ಮಾಡಿ.)

2. ಪರೀಕ್ಷೆ ಹಿಂದಿನ ದಿನ ಸಂಜೆ 6ಕ್ಕೆ 40 ಮಿಲಿಗ್ರಾಂ ಕೆಫೀನ್ ಇರುವ ಒಂದು ಕಪ್ ಟೀ ಕುಡಿದರೆ ರಾತ್ರಿ 11ಕ್ಕೆ ಎಷ್ಟು ಉಳಿದಿರುತ್ತೆ? 11ಕ್ಕೆ ಇನ್ನೊಂದು ಕಪ್ ಕುಡಿದರೆ ಬೆಳಗಿನ ಜಾವ 4ಕ್ಕೆ? (ಅರ್ಧಾಯುಷ್ಯ 5 ಗಂಟೆ ಅಂತ ತಗೊಳ್ಳಿ. ಉತ್ತರ: 20, ಆಮೇಲೆ 30. ಅದಕ್ಕೇ ಹಾಲ್‌ನಲ್ಲಿ ನಿದ್ದೆ.)

3. ನಿಮ್ಮ ಡಿಪಾರ್ಟ್‌ಮೆಂಟಿನಲ್ಲಿ ಮ್ಯಾಕ್‌ವರ್ತ್ ಗಡಿಯಾರ ನೋಡುತ್ತಾ ನಿಂತಿರೋರು ಯಾರು? ಅವರು ಟೀ ಯಾವಾಗ ಕುಡೀತಾರೆ? ಇದಕ್ಕೆ ಉತ್ತರ ನಮ್ಮ ಹತ್ತಿರ ಇಲ್ಲ, ಹೋಗಿ ಕೇಳಿ.

ಕೇಳಿದ್ದನ್ನು ಬರೆದು ಕನ್ನಡ ಸಂಘದ ಪೆಟ್ಟಿಗೆಗೆ ಹಾಕಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿಯವರೆಗೆ ಕೀ ತೆಗೆದು ಸ್ಟಾರ್ಟ್ ಮಾಡಿ.